ಸಹಾರಾದಲ್ಲಿ ಬೆಟಗೇರಿ ರೊಟ್ಟಿ: ತಿಂದು ಬಂದವನ ಮಾತು

ಐವತ್ತೈದು ಸಣ್ಣ ಖಡಕ್ ರೊಟ್ಟಿ, ಏಳುನೂರು ಗ್ರಾಂ ಶೇಂಗಾ ಚಟ್ನಿ, ಮೂವತ್ತು ಅಂಟಿನ ಉಂಡೆ, ಹತ್ತು ಶೇಂಗಾ ಹೋಳಿಗೆ, ಕಾಲು ಕಿಲೋ ಹುರಿದ ಶೇಂಗಾ. ಎಲ್ಲ ಸೇರಿ 1,382 ರೂಪಾಯಿ. ಬಿಲ್ ಕೊಡಿ ಎಂದು ಕೇಳಿದ್ದಕ್ಕೆ, ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ರೊಟ್ಟಿ ಮಾರುವ ಅವ್ವ ಹಳೆಯ ತಿಂಗಳ ಕ್ಯಾಲೆಂಡರ್ ಹಾಳೆಯನ್ನು ಹರಿದು ಅದರ ಬೆನ್ನಿಗೆ ಲೆಕ್ಕ ಬರೆದುಕೊಟ್ಟರು. ಆ ಹಾಳೆ ಈಗ ನನ್ನ ಪ್ರೆಸ್ಸಿನ ಮೇಜಿನ ಗಾಜಿನ ಕೆಳಗಿದೆ. ಮೊರಾಕ್ಕೊ ದೇಶದ ಮರುಭೂಮಿಯಲ್ಲಿ ಏಳು ದಿನದ ಓಟದಲ್ಲಿ ನಾನು ಏನು ತಿಂದೆ ಎಂದು ಯಾರಾದರೂ ಕೇಳಿದರೆ ಬಾಯಿಂದ ಹೇಳುವುದಿಲ್ಲ, ಗಾಜಿನ ಕಡೆ ಬೆರಳು ತೋರಿಸುತ್ತೇನೆ.

ರೊಟ್ಟಿ ಮಾರುವ ಮನೆಗಳ ಬಗ್ಗೆ ಬರೆಯುವವರು ಎಣ್ಣೆಗಾಯಿ, ಕೆನೆಮೊಸರು, ಹಸಿ ಈರುಳ್ಳಿ ಮುಂದಿಟ್ಟುಕೊಂಡು ಕುಳಿತು ತಿಂದು ಬರೆಯುತ್ತಾರೆ. ಆ ಸ್ಥಿತಿಯಲ್ಲಿ ಯಾವ ರೊಟ್ಟಿಯೂ ಚೆನ್ನಾಗಿಯೇ ಇರುತ್ತದೆ. ನಾನು ತಿಂದದ್ದು ತುಟಿ ಒಡೆದು, ಕಾಲ್ಬೆರಳಿನ ಉಗುರು ಎರಡು ಕಿತ್ತು, ಬೆರಳ ಸಂದಿಯಲ್ಲೆಲ್ಲ ಮರಳು ಕುಳಿತ ಸ್ಥಿತಿಯಲ್ಲಿ. ಹಾಗಾಗಿ ನನ್ನ ಅಭಿಪ್ರಾಯ ಸ್ವಲ್ಪ ಒರಟಾಗಿದ್ದರೆ ಓದುಗರು ತಾಳಿಕೊಳ್ಳಬೇಕು.

ನಾನು ಗದಗಿನವನು. ಮುದ್ರಣ ಕಾಶಿ ಎಂದು ಕರೆಸಿಕೊಳ್ಳುವ ಊರಿನಲ್ಲಿ ನನ್ನದೂ ಒಂದು ಪುಟ್ಟ ಪ್ರೆಸ್. ವಯಸ್ಸು ಐವತ್ತೆರಡು. ಓಟದ ಹುಚ್ಚು ಹಿಡಿಸಿದವಳು ಧಾರವಾಡದಲ್ಲಿ ಫಿಸಿಯೊಥೆರಪಿ ಮಾಡುವ ನನ್ನ ಅಕ್ಕನ ಮಗಳು. ಮೊದಲು ಹತ್ತು ಕಿಲೋಮೀಟರ್ ಎಂದಳು, ಆಮೇಲೆ ನಲವತ್ತೆರಡು ಎಂದಳು, ಕೊನೆಗೆ ಒಂದು ಭಾನುವಾರ ಊಟಕ್ಕೆ ಬಂದವಳು ಮೊಬೈಲ್ ತೆಗೆದು ಮರಳುಗುಡ್ಡಗಳ ಚಿತ್ರ ತೋರಿಸಿದಳು. ಮ್ಯಾರಥಾನ್ ದೆ ಸಾಬ್ಲ್, ಅಂದರೆ ಮರಳಿನ ಮ್ಯಾರಥಾನ್. ಸಹಾರಾದ ಅಂಚಿನಲ್ಲಿ ಆರು ಹಂತಗಳಲ್ಲಿ ಸುಮಾರು 250 ಕಿಲೋಮೀಟರ್. 1984ರಲ್ಲಿ ಪಾತ್ರಿಕ್ ಬೋಯೆರ್ (Patrick Bauer) ಎಂಬ ಫ್ರೆಂಚ್ ತರುಣ ಅನ್ನ ನೀರು ಎರಡನ್ನೂ ತಾನೇ ಹೊತ್ತು ಸಹಾರಾದಲ್ಲಿ 350 ಕಿಲೋಮೀಟರ್ ಒಬ್ಬನೇ ನಡೆದನಂತೆ. ಎರಡು ವರ್ಷದ ನಂತರ 23 ಜನರನ್ನು ಕಟ್ಟಿಕೊಂಡು ಅದನ್ನೇ ಸ್ಪರ್ಧೆ ಮಾಡಿದ. ಈಗ ಸಾವಿರದ ಲೆಕ್ಕದಲ್ಲಿ ಜನ ಹೋಗುತ್ತಾರೆ. ಓಟ ನಡೆಯುವುದು ಏಪ್ರಿಲ್ ಸುಮಾರಿಗೆ, ನಮ್ಮಲ್ಲಿ ಮದುವೆ ಪತ್ರಿಕೆಗಳ ಸುಗ್ಗಿ. ಎಷ್ಟು ಪತ್ರಿಕೆಗಳು ಪಕ್ಕದ ಪ್ರೆಸ್ಸಿಗೆ ಹೋದವು ಎಂದು ನನ್ನ ತಮ್ಮ ಇಂದಿಗೂ ಎಣಿಸುತ್ತಾನೆ.

ಈ ಓಟದ ನಿಯಮದಲ್ಲೇ ಅಡುಗೆಮನೆಯ ಪ್ರಶ್ನೆ ಅಡಗಿದೆ. ನಾನು ಹೋದ ವರ್ಷದ ನಿಯಮ ಇದು: ನೀರು ಅವರು ಕೊಡುತ್ತಾರೆ, ರಾತ್ರಿ ಮಲಗಲು ಅಲ್ಲಿನ ಮೂಲನಿವಾಸಿಗಳಾದ ಬರ್ಬರರ ಕಪ್ಪು ಡೇರೆ ಕೊಡುತ್ತಾರೆ. ಉಳಿದದ್ದೆಲ್ಲ ನಮ್ಮ ಬೆನ್ನ ಮೇಲೆ. ಹಾಸಿಗೆ ಚೀಲ, ದಿಕ್ಸೂಚಿ, ಸೀಟಿ, ಚಾಕು, ಕನ್ನಡಿ, ಹಾವು ಚೇಳು ಕಡಿದರೆ ವಿಷ ಹೀರುವ ಪಂಪು, ಜೊತೆಗೆ ಅಷ್ಟೂ ದಿನದ ಆಹಾರ. ದಿನಕ್ಕೆ ಕನಿಷ್ಠ 2,000 ಕಿಲೋಕ್ಯಾಲರಿ ಇರಲೇಬೇಕು, ಓಟ ಶುರುವಾಗುವ ಮುನ್ನ ಚೀಲ ಬಿಚ್ಚಿ ನೋಡುತ್ತಾರೆ. ನೀರು ಬಿಟ್ಟು ಚೀಲದ ತೂಕ ಆರೂವರೆ ಕಿಲೋಗಿಂತ ಕಡಿಮೆ ಇರಬಾರದು, ಹದಿನೈದು ಮೀರಬಾರದು. ಹದಿನೈದು ಹೊತ್ತು ಮರಳಿನಲ್ಲಿ ಓಡುವವನು ಹಮಾಲಿಯಾಗಿರಬೇಕು. ಆದ್ದರಿಂದ ಎಲ್ಲರ ತಲೆಯಲ್ಲಿ ಇರುವುದು ಒಂದೇ ಲೆಕ್ಕ: ಎಷ್ಟು ಗ್ರಾಂಗೆ ಎಷ್ಟು ಶಕ್ತಿ.

ಅಕ್ಕನ ಮಗಳು ಲೆಕ್ಕ ಮುಗಿಸಿಯೇ ಬಂದಿದ್ದಳು. ವಿದೇಶದಿಂದ ತರಿಸಿದ, ನೀರಿನಂಶವನ್ನೆಲ್ಲ ಹಿಂಡಿ ತೆಗೆದ ಊಟದ ಪೊಟ್ಟಣಗಳು. ಒಂದಕ್ಕೆ ಎಂಟುನೂರು ರೂಪಾಯಿಯ ಮೇಲೆ. ಬಿಸಿನೀರು ಸುರಿದರೆ ಹತ್ತು ನಿಮಿಷಕ್ಕೆ ಪಾಸ್ತಾ. ಒಂದನ್ನು ನಮ್ಮ ಮನೆಯಲ್ಲೇ ಮಾಡಿ ಬಡಿಸಿದಳು. ನನ್ನ ಹೆಂಡತಿ ಒಂದು ಚಮಚ ತಿಂದು, ಇದಕ್ಕೆ ಒಗ್ಗರಣೆ ಯಾವಾಗ ಹಾಕುತ್ತೀಯ ಎಂದು ಕೇಳಿದಳು. ನಾನು ಆ ಹೊತ್ತಿಗೆ ತೀರ್ಮಾನ ಮಾಡಿಬಿಟ್ಟೆ. ನಮ್ಮ ಕಡೆ ದೂರ ಹೊರಡುವವರು ತಲೆತಲಾಂತರದಿಂದ ಕಟ್ಟಿಕೊಂಡು ಹೋಗಿರುವ ಬುತ್ತಿ ಇದೆ. ತಿಂಗಳುಗಟ್ಟಲೆ ಕೆಡದ ರೊಟ್ಟಿ ಇದೆ. ಅದನ್ನು ಬಿಟ್ಟು ಈ ಪೊಟ್ಟಣಕ್ಕೆ ಯಾಕೆ ಕೈ ಚಾಚಬೇಕು?

ಬೆಟಗೇರಿಯ ಅವ್ವನ ಮನೆಗೆ ಬೋರ್ಡು ಇಲ್ಲ. ಮಗ್ಗದ ಸದ್ದು ಕೇಳುವ ಓಣಿಯಲ್ಲಿ ನಿಂತು ಮೂಗು ಎತ್ತಿದರೆ ಸಾಕು, ಬೆಂದ ಜೋಳದ ವಾಸನೆ ಬಾಗಿಲ ತನಕ ಕರೆದೊಯ್ಯುತ್ತದೆ. ಒಳಗೆ ನಾಲ್ವರು ಹೆಂಗಸರು ಸಾಲಾಗಿ ಕುಳಿತು ರೊಟ್ಟಿ ಬಡಿಯುತ್ತಾರೆ. ಕುದಿನೀರು ಹಾಕಿ ನಾದಿದ ಹಿಟ್ಟು, ಒಂದೇ ಲಯದಲ್ಲಿ ಬೀಳುವ ಅಂಗೈ, ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆ ಸವರುವ ಕೈ. ಬೆಂದ ರೊಟ್ಟಿಯನ್ನು ಒಲೆಯ ಪಕ್ಕ ನಿಲ್ಲಿಸಿ ಕೆಂಡದ ಕಾವಿಗೆ ಒಣಗಿಸುತ್ತಾರೆ. ಒಣಗಿದೆಯೋ ಇಲ್ಲವೋ ಎಂದು ಅವ್ವ ನೋಡುವುದಿಲ್ಲ, ಬೆರಳಿನಿಂದ ತಟ್ಟಿ ಕೇಳುತ್ತಾರೆ. ಟಣ್ ಎಂದರೆ ಪೇರಿಸಿದ ಸಾಲಿಗೆ, ಡಬ್ ಎಂದರೆ ಮತ್ತೆ ಒಲೆಯ ಬದಿಗೆ. ಗದುಗಿನಲ್ಲಿ ಯಂತ್ರದ ರೊಟ್ಟಿಯೂ ಸಿಗುತ್ತದೆ. ತಟ್ಟೆಯಂತೆ ಒಂದೇ ದಪ್ಪ, ಒಂದೇ ದುಂಡು. ನಾನು ಅದನ್ನೂ ತಂದು ಚೀಲದಲ್ಲಿ ಹಾಕಿ ಒಂದು ವಾರ ಓಡಿ ನೋಡಿದ್ದೇನೆ. ಅದು ಒಡೆಯುವುದಿಲ್ಲ, ನಿಜ. ಆದರೆ ಕೈರೊಟ್ಟಿಯಲ್ಲಿ ಎಲ್ಲೋ ತೆಳು, ಎಲ್ಲೋ ಸ್ವಲ್ಪ ಸುಟ್ಟ ಚುಕ್ಕೆ ಇರುತ್ತದಲ್ಲ, ಅದಿಲ್ಲದೆ ಮೂರನೆಯ ದಿನಕ್ಕೆ ರಟ್ಟು ತಿಂದ ಹಾಗಾಗುತ್ತದೆ. ರಟ್ಟಿನ ವ್ಯವಹಾರ ನನಗೆ ಪ್ರೆಸ್ಸಿನಲ್ಲಿ ಸಾಕಷ್ಟಿದೆ.

ಮೊದಲ ತಕರಾರು ಅಳತೆಯದು. ಅವರ ರೊಟ್ಟಿ ಊಟದ ತಾಟಿನಷ್ಟು ಅಗಲ, ನನ್ನ ಬೆನ್ನಚೀಲ ಅದರ ಮುಕ್ಕಾಲು. ಅಂಗೈ ಅಗಲದವು ಬೇಕು ಎಂದಾಗ ಒಳಗಿದ್ದ ನಾಲ್ವರೂ ಬಡಿಯುವುದನ್ನು ನಿಲ್ಲಿಸಿ ನಕ್ಕರು. "ತಮ್ಮಾ, ಗುಬ್ಬಿಯಾಟಕ್ಕೆ ಬೇಕೇನು?" ಎಂದರು ಅವ್ವ. ಮರುಭೂಮಿಗೆ ಎಂದೆ. ಯಾವ ಮರುಭೂಮಿ, ಯಾಕೆ ಓಡಬೇಕು, ಬೆನ್ನಟ್ಟುವವರು ಯಾರು ಎಂದು ಕೇಳಿದರು. ಕೊನೆಯ ಓಟಗಾರನ ಹಿಂದೆ ಒಂಟೆಗಳು ಬರುತ್ತವೆ, ಅವು ದಾಟಿ ಮುಂದೆ ಹೋದರೆ ಓಟದಿಂದ ಹೊರಗೆ ಎಂದು ಹೇಳಿದೆ. ಅದು ಅವರಿಗೆ ಸರಿಯಾದ ಕಾರಣ ಎನಿಸಿತು. ಅಲ್ಲಿ ಯಾರೂ ತಪ್ಪಿಸಿಕೊಂಡಿಲ್ಲವೇ ಎಂದಾಗ ನಾನು ಬಾಯಿ ತಡೆಯದೆ 1994ರ ಕಥೆ ಹೇಳಿಬಿಟ್ಟೆ. ಮೌರೋ ಪ್ರೋಸ್ಪೆರಿ ಎಂಬ ಇಟಲಿಯವನು ಮರಳ ಬಿರುಗಾಳಿಯಲ್ಲಿ ದಾರಿ ತಪ್ಪಿ, ದಿನಗಟ್ಟಲೆ ಅಲೆದು, ಗಡಿ ದಾಟಿ ಅಲ್ಜೀರಿಯಾದಲ್ಲಿ ಜೀವಂತ ಸಿಕ್ಕ. ಅಷ್ಟು ದಿನ ಏನು ತಿಂದನಂತೆ ಎಂದರು ಅವ್ವ. ಬಾವಲಿ ಎಂದೆ. ಅವ್ವ ಮಾತಾಡದೆ ಒಳಗೆ ಹೋಗಿ, ಲೆಕ್ಕಕ್ಕೆ ಹಿಡಿಯದ ಇನ್ನೂ ಹನ್ನೆರಡು ಅಂಟಿನ ಉಂಡೆ ತಂದು ಡಬ್ಬಿಗೆ ತುಂಬಿದರು. ಅವುಗಳಲ್ಲಿ ಆರು ನನ್ನ ಜೊತೆ ಸಹಾರಾ ಕಂಡವು. ಉಳಿದ ಆರು ಮನೆಯಲ್ಲೇ ಮುಗಿದವು, ಹೇಗೆ ಎಂದು ನನ್ನ ಮಗನನ್ನು ಕೇಳಬೇಕು.

ಎರಡನೆಯ ತಕರಾರು ಚೀಟಿಯದು. ತಪಾಸಣೆಯಲ್ಲಿ ಪ್ರತಿ ಪೊಟ್ಟಣದ ಕ್ಯಾಲರಿ ಕಾಣಬೇಕು. ಅವ್ವನ ಮನೆಯಲ್ಲಿ ಕ್ಯಾಲರಿ ಎಂಬ ಪದಾರ್ಥ ಇಲ್ಲ. ಲೆಕ್ಕ ನಾನೇ ಹಾಕಿದೆ. ಜೋಳ ನೂರು ಗ್ರಾಂಗೆ ಸುಮಾರು 340 ಕಿಲೋಕ್ಯಾಲರಿ, ಬೆಲ್ಲ 380ರ ಆಸುಪಾಸು, ಶೇಂಗಾ 560ರ ಮೇಲೆ, ಒಣಕೊಬ್ಬರಿ 650ರ ಮೇಲೆ. ಹೀಗೆ ಕೂಡಿಸಿದರೆ ಮೂರು ಕಿಲೋ ನಾನೂರು ಗ್ರಾಂ ಚಿಲ್ಲರೆ ತೂಕಕ್ಕೆ ಹದಿನೈದು ಸಾವಿರ ದಾಟಿತು. ಬೇಕಿದ್ದದ್ದು ಹದಿನಾಲ್ಕು. ಚೀಟಿಗಳನ್ನು ನನ್ನ ಪ್ರೆಸ್ಸಿನಲ್ಲೇ ಅಚ್ಚು ಹಾಕಿದೆ. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡದಲ್ಲಿ 'ಶೇಂಗಾ ಚಟ್ನಿ, ಬೆಟಗೇರಿ'. ಮೂವತ್ತು ವರ್ಷ ಊರವರ ಮದುವೆ ಪತ್ರಿಕೆ ಮಾಡಿದ ಕೈ, ಅಂಚಿಗೆ ಒಂದು ಬಳ್ಳಿಯ ಚಿತ್ತಾರ ತಾನಾಗಿಯೇ ಬಿತ್ತು. ಮೊರಾಕ್ಕೊದ ತಪಾಸಣೆಯ ಮೇಜಿನಲ್ಲಿ ಕುಳಿತಿದ್ದ ಹುಡುಗಿ ಆ ಬಳ್ಳಿಯನ್ನೂ ಕನ್ನಡದ ದುಂಡು ಅಕ್ಷರವನ್ನೂ ನೋಡಿ, ಇದು ಯಾವ ಕಂಪನಿ ಎಂದು ಕೇಳಿದಳು. ಅಂಕಿ ಕೂಡಿಸಿ ನೋಡಿ, ತಲೆ ಆಡಿಸಿ ಮುಂದೆ ಕಳಿಸಿದಳು.

ಅಭ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾನೂ ಅಕ್ಕನ ಮಗಳೂ ಮುಂಡರಗಿ ಕಡೆ ತುಂಗಭದ್ರೆಯ ಮರಳಿನಲ್ಲಿ, ಕಪ್ಪತಗುಡ್ಡದ ಏರಿನಲ್ಲಿ, ಬಿರುಕು ಬಿಟ್ಟ ಎರೆಹೊಲದ ಬದುವಿನ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಓಡಿದೆವು. ಒಮ್ಮೆ ಗದಗಿನಿಂದ ಹುಬ್ಬಳ್ಳಿಗೆ ಎರಡು ದಿನದಲ್ಲಿ ಚೀಲ ಹೊತ್ತು ಹೋದೆವು. ದಾರಿಯಲ್ಲಿ ಅಣ್ಣಿಗೇರಿಯಲ್ಲಿ ಬಿಸಿ ಮಿರ್ಚಿ ಭಜಿ ಕಂಡು ತಡೆಯಲಾಗಲಿಲ್ಲ. ಅದರ ಪರಿಣಾಮವನ್ನು ಇಲ್ಲಿ ಬರೆಯುವಂತಿಲ್ಲ.

ಈಗ ಸರಕಿನ ವಿಷಯ. ಚಟ್ನಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ನನ್ನನ್ನು ಕೊನೆಯ ಗೆರೆ ದಾಟಿಸಿದ್ದು ಅದೇ. ಅವ್ವನ ಶೇಂಗಾ ಚಟ್ನಿಯಲ್ಲಿ ಐದೇ ಸಾಮಾನು: ಹುರಿದ ಶೇಂಗಾ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಬ್ಯಾಡಗಿ ಮೆಣಸಿನಕಾಯಿಯ ಪುಡಿ. ಮಿಕ್ಸರ್ ಅಲ್ಲ, ಒರಳಿನಲ್ಲಿ ಕುಟ್ಟಿದ್ದು. ಕುಟ್ಟಿದಾಗ ಶೇಂಗಾ ತನ್ನ ಎಣ್ಣೆಯನ್ನು ತಾನೇ ಬಿಟ್ಟು ಪುಡಿ ಉಂಡೆಗಟ್ಟುವ ಹದಕ್ಕೆ ಬರುತ್ತದೆ. ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಇದು ಅಡುಗೆಯವರಿಗೆ ಗೊತ್ತಿರುವ ಮಾತು, ಆದರೆ ಬೆಲೆ ತಿಳಿಯಬೇಕಾದರೆ ಬಿಸಿಲಿಗೆ ಸುಟ್ಟು ಸಿಡುಕುವ ಹೊಟ್ಟೆ ಇರಬೇಕು. ಗುಂಟೂರು ಮೆಣಸಿನಕಾಯಿಯದಾಗಿದ್ದರೆ ಎರಡನೆಯ ದಿನವೇ ಕೈ ಮುಗಿಯುತ್ತಿದ್ದೆ. ಇಲ್ಲಿ ಕೊಬ್ಬು, ಉಪ್ಪು, ರುಚಿ ಮೂರೂ ಒಂದೇ ಚಿಟಿಕೆಯಲ್ಲಿ. ಬೆವರು ಒಣಗಿ ಅಂಗಿಯ ಮೇಲೆ ಬಿಳಿ ಗೆರೆ ಮೂಡಿದ ಹೊತ್ತಿನಲ್ಲಿ ನಾಲಿಗೆ ಸಿಹಿ ಬೇಡ ಎನ್ನುತ್ತದೆ, ಉಪ್ಪು ಬೇಕು ಎಂದು ಹಟ ಹಿಡಿಯುತ್ತದೆ. ಅಂಗೈಗೆ ಸುರಿದುಕೊಂಡು ನೆಕ್ಕಿದ್ದೇನೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಬೈಯಬೇಕಾದದ್ದು ಪ್ಯಾಕಿಂಗನ್ನು. ಅವ್ವ ಚಟ್ನಿಯನ್ನು ತೆಳ್ಳನೆಯ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮೇಲೆ ನೂಲು ಸುತ್ತಿ ಕೊಟ್ಟಿದ್ದರು. ನಾನು ಸೋಮಾರಿ, ಒಂದು ಕವರನ್ನು ಬದಲಿಸದೆ ಹಾಗೆಯೇ ಇಟ್ಟೆ. ಮೊದಲ ದಿನದ ಬಿಸಿಲಿಗೇ ಎಣ್ಣೆ ಜಿನುಗಿ ನನ್ನ ಹಾಸಿಗೆ ಚೀಲದ ಒಂದು ಮೂಲೆ ಪೂರ್ತಿ ಬೆಳ್ಳುಳ್ಳಿಯಾಯಿತು. ಒಂದೇ ಡೇರೆಯಲ್ಲಿ ನಮ್ಮ ಜೊತೆ ಇನ್ನೂ ಆರು ಜನ. ಮೊದಲ ರಾತ್ರಿ ಯಾರೂ ಏನೂ ಹೇಳಲಿಲ್ಲ. ಎರಡನೆಯ ರಾತ್ರಿ ಒಬ್ಬ ಫ್ರೆಂಚ್ ಹಿರಿಯರು ತೆವಳುತ್ತಾ ನನ್ನ ಬಳಿ ಬಂದರು. ತಕರಾರಿಗೆ ಬಂದರೇನೋ ಎಂದುಕೊಂಡೆ. ಚಮಚ ಚಾಚಿದರು.

ರೊಟ್ಟಿಗೆ ಬರುತ್ತೇನೆ. ಒಳ್ಳೆಯ ಮಾತು ಮೊದಲು: ಸಹಾರಾದ ಗಾಳಿ ಖಡಕ್ ರೊಟ್ಟಿಗೆ ಹೇಳಿ ಮಾಡಿಸಿದ್ದು. ಗದಗಿನ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲವಾದರೆ ಸಂಜೆಗೆ ಮೆತ್ತಗಾಗುವ ರೊಟ್ಟಿ, ಅಲ್ಲಿ ಏಳನೆಯ ದಿನವೂ ತಟ್ಟಿದರೆ ಟಣ್ ಎಂದಿತು. ಬೂಷ್ಟಿನ ಮಾತೇ ಇಲ್ಲ. ಒಡೆದು ಚೂರಾಗುತ್ತದೆ ಎಂಬ ಭಯವೂ ಅರ್ಧ ಸುಳ್ಳು. ಐವತ್ತೈದರಲ್ಲಿ ಮೂವತ್ತರಷ್ಟು ಇಡಿಯಾಗಿಯೇ ಉಳಿದವು. ಉಳಿದವು ಪುಡಿಯಾದವು, ಪುಡಿಯೇ ಹೆಚ್ಚು ಉಪಯೋಗಕ್ಕೆ ಬಂತು. ಬೆಳಗಿನ ಜಾವ ಡೇರೆ ಕಳಚಲು ಬರುವ ಬರ್ಬರ್ ಹುಡುಗರಲ್ಲಿ ಒಬ್ಬನಿಗೆ ಒಂದು ಕೊಟ್ಟೆ. ಅವರ ರೊಟ್ಟಿ ದಪ್ಪ, ಮೃದು. ಇದನ್ನು ಎರಡು ಕಡೆ ತಿರುಗಿಸಿ ನೋಡಿ, ಕಿವಿಯ ಹತ್ತಿರ ಹಿಡಿದು ಮುರಿದ. ಸದ್ದು ಹಿಡಿಸಿರಬೇಕು. ಇನ್ನೊಂದು ಕೇಳಿ ಪಡೆದು ತನ್ನ ಗೆಳೆಯನ ಕಿವಿಯ ಬಳಿ ಮುರಿದ.

ಕೆಟ್ಟ ಮಾತು: ಓಡುತ್ತಾ ಖಡಕ್ ರೊಟ್ಟಿ ತಿನ್ನಲು ಆಗುವುದಿಲ್ಲ. ನಾನು ಗದಗಿನಲ್ಲಿ ತಿಂದಿದ್ದೆ, ಆದ್ದರಿಂದ ಆಗುತ್ತದೆ ಎಂದು ವಾದಿಸಿದ್ದೆ. ಗದಗಿನಲ್ಲಿ ಬಾಯಲ್ಲಿ ನೀರಿತ್ತು. ಮರಳು ದಿಬ್ಬದ ಮೇಲೆ ಜೊಲ್ಲೇ ಇಲ್ಲದ ಬಾಯಿಗೆ ರೊಟ್ಟಿ ಚೂರು ಹಾಕಿದರೆ, ಇದ್ದಬದ್ದ ಪಸೆಯನ್ನೆಲ್ಲ ಜೋಳ ಹೀರಿ ಗಂಟಲಲ್ಲಿ ಗೋಡೆ ಕಟ್ಟುತ್ತದೆ. ಅದನ್ನು ಇಳಿಸಲು ಅರ್ಧ ಬಾಟಲಿ ನೀರು ಖರ್ಚು. ಜೊತೆಗೆ ಅಂಚುಗಳು ಚೂಪು. ಮೂರನೆಯ ದಿನಕ್ಕೆ ನನ್ನ ಅಂಗುಳ ಗೀರಿ ಹುಣ್ಣಾಗಿ, ಒಂದು ಹೊತ್ತು ಅಕ್ಕನ ಮಗಳ ಪೊಟ್ಟಣದ ಗಂಜಿಯನ್ನು ಬೇಡಿ ತಿಂದೆ. ಅದಕ್ಕೆ ಒಗ್ಗರಣೆ ಇರಲಿಲ್ಲ, ನಾನು ಕೇಳಲೂ ಇಲ್ಲ.

ಹೆಸರು ನಾವು ಬೇರೆ ಬೇರೆ ಕೊಟ್ಟಿದ್ದರೂ ಒಬ್ಬರನ್ನೊಬ್ಬರು ಬಿಟ್ಟು ಮುಂದೆ ಹೋಗುವುದಿಲ್ಲ ಎಂದು ಧಾರವಾಡದಲ್ಲೇ ಮಾತು ಕೊಟ್ಟುಕೊಂಡಿದ್ದೆವು. ಮಾತು ಕೊಡುವುದು ಸುಲಭ. ಅವಳು ನನಗಿಂತ ಇಪ್ಪತ್ಮೂರು ವರ್ಷ ಚಿಕ್ಕವಳು, ಸಮತಟ್ಟಿನಲ್ಲಿ ಜಿಂಕೆ. ಮೂರು ದಿನ ಅವಳು ನನಗಾಗಿ ನಿಂತು ಕಾದಳು. ಕಾಯುವಾಗ ಏನೂ ಹೇಳುತ್ತಿರಲಿಲ್ಲ, ಕೈಗಡಿಯಾರ ನೋಡುತ್ತಿದ್ದಳು. ಅದು ಬೈದದ್ದಕ್ಕಿಂತ ಕಷ್ಟ.

ಉದ್ದದ ಹಂತದ ದಿನ ಲೆಕ್ಕ ತಿರುಗಿತು. ಎಂಬತ್ತು ಕಿಲೋಮೀಟರ್ ಮೀರಿದ ಹಾದಿ, ರಾತ್ರಿಯೆಲ್ಲ ನಡೆಯಬೇಕು. ಓಟಗಾರರು ಶಕ್ತಿಗೆಂದು ಒಯ್ಯುವ ಸಿಹಿ ಜೆಲ್ಲನ್ನು ಬೆಳಗಿನಿಂದ ಹೀರಿ ಹೀರಿ ಸಂಜೆ ಹೊತ್ತಿಗೆ ಅವಳ ಹೊಟ್ಟೆ ಕೈಕೊಟ್ಟಿತು. ನೀರು ಕುಡಿದರೂ ವಾಂತಿ. ಕತ್ತಲಾಯಿತು, ಚಳಿ ಶುರುವಾಯಿತು, ಮುಂದಿನವರ ಬೆನ್ನಚೀಲಕ್ಕೆ ಕಟ್ಟಿದ ಬೆಳಕಿನ ಕಡ್ಡಿಗಳು ಒಂದೊಂದಾಗಿ ದೂರ ಸರಿದವು. ಅವಳು ಮರಳಿನ ಮೇಲೆ ಕುಳಿತು, "ಮಾಮಾ, ನೀವು ಹೋಗಿ" ಎಂದಳು. ಅವಳು ಚಿಕ್ಕವಳಿದ್ದಾಗ ಜ್ವರ ಬಂದರೆ ನಮ್ಮ ಅಕ್ಕ ಏನು ಕೊಡುತ್ತಿದ್ದಳು ಎಂದು ನೆನಪಾಯಿತು. ಕವರಿನಲ್ಲಿದ್ದ ರೊಟ್ಟಿ ಪುಡಿಗೆ ನೀರು ಹಾಕಿ, ಎರಡು ಚಿಟಿಕೆ ಚಟ್ನಿ ಉದುರಿಸಿ, ಕವರನ್ನು ಎದೆಯ ಬಳಿ ಅಂಗಿಯೊಳಗೆ ಇಟ್ಟುಕೊಂಡೆ. ಹತ್ತು ನಿಮಿಷಕ್ಕೆ ಅದು ಅಂಬಲಿಯೂ ಅಲ್ಲದ, ಬಿಸಿ ರೊಟ್ಟಿ ಕಿವುಚಿ ಕಟ್ಟುವ ಮುಟಗಿಯೂ ಅಲ್ಲದ ಒಂದು ಪದಾರ್ಥವಾಯಿತು. ಕವರಿನ ಮೂಲೆ ಕತ್ತರಿಸಿ ಅವಳ ಕೈಗೆ ಕೊಟ್ಟೆ. ಒಂದು ಗುಟುಕು, ಐದು ನಿಮಿಷ ಕಾಯುವುದು, ಇನ್ನೊಂದು ಗುಟುಕು. ಹೊಟ್ಟೆ ಅದನ್ನು ಹೊರಗೆ ಹಾಕಲಿಲ್ಲ. ನಾನು ಕೈಗಡಿಯಾರ ನೋಡಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ, ನೋಡಿದೆ: ಐವತ್ತು ನಿಮಿಷ. ಆಮೇಲೆ ಎದ್ದು ಬೆಳಗಿನವರೆಗೆ ನಡೆದೆವು. ಒಂಟೆಗಳು ನಮ್ಮನ್ನು ದಾಟಲಿಲ್ಲ.

ಅಂಟಿನ ಉಂಡೆ ಓಡುವಾಗಿನ ತಿನಿಸು. ಕೊಬ್ಬರಿ, ಉತ್ತತ್ತಿ, ಅಂಟು, ತುಪ್ಪ, ಬೆಲ್ಲ. ಮಧ್ಯಾಹ್ನದ ಕಾವಿಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆದ್ದರಿಂದ ಒಂದೊಂದನ್ನೂ ಬೇರೆ ಬೇರೆ ಬೆಣ್ಣೆ ಕಾಗದದಲ್ಲಿ ಸುತ್ತಬೇಕು. ಇದು ನನ್ನ ಪ್ರೆಸ್ಸಿನ ಕೈಗುಣಕ್ಕೆ ಸುಲಭದ ಕೆಲಸವಾಯಿತು. ಶೇಂಗಾ ಹೋಳಿಗೆಯನ್ನು ಮಾತ್ರ ಒಯ್ಯಬೇಡಿ. ಇಲ್ಲಿ ಹದಿನೈದು ದಿನ ಮೃದುವಾಗಿರುವ ಹೋಳಿಗೆ, ಆ ಒಣಗಾಳಿಗೆ ನಾಲ್ಕೇ ದಿನದಲ್ಲಿ ಹಲಗೆಯಾಯಿತು. ಕೆಟ್ಟಿರಲಿಲ್ಲ, ಆದರೆ ಕಲ್ಲಿನ ಮೇಲಿಟ್ಟು ಚಾಕುವಿನ ಹಿಡಿಯಿಂದ ಒಡೆದು ತಿಂದೆ. ತಪ್ಪು ಅವ್ವನದಲ್ಲ, ಹೋಳಿಗೆಯ ಆಸೆಗೆ ಬಿದ್ದ ನನ್ನದು. ಧಾರವಾಡ ಪೇಡೆಯನ್ನೂ ಒಯ್ಯೋಣ ಎಂದು ಅಕ್ಕನ ಮಗಳು ಹಟ ಹಿಡಿದಿದ್ದಳು. ಮೊದಲ ಹಂತದ ಮುನ್ನಾದಿನವೇ ಡೇರೆಯವರೆಲ್ಲ ಸೇರಿ ಅದನ್ನು ಮುಗಿಸಿದ್ದರಿಂದ ಅದರ ಬಾಳಿಕೆ ಪರೀಕ್ಷೆಯಾಗಲಿಲ್ಲ.

ಚುರುಮುರಿ ಯಾಕೆ ಇಲ್ಲ ಎಂದು ಕೇಳುವವರಿಗೆ: ತೂಕ ಇಲ್ಲ, ಸರಿ, ಆದರೆ ಚೀಲದಲ್ಲಿ ಚುರುಮುರಿ ತುಂಬಿದರೆ ಹಾಸಿಗೆಯನ್ನು ಮನೆಯಲ್ಲಿ ಬಿಟ್ಟು ಬರಬೇಕಾಗುತ್ತದೆ.

ಅವ್ವನಿಂದ ತರಿಸಿಕೊಳ್ಳುವವರಿಗೆ ಒಂದೆರಡು ಮಾತು. ಮೂರು ದಿನ ಮೊದಲು ಹೇಳಬೇಕು. ಹಣ ಮುಂಗಡ, ಕೈಯಲ್ಲಿಯೇ. ಮೊಬೈಲ್ ಮೂಲಕ ಹಾಕುತ್ತೇನೆ ಎಂದರೆ ಮಗ ಮನೆಯಲ್ಲಿಲ್ಲ ಎನ್ನುತ್ತಾರೆ. ಸಣ್ಣ ರೊಟ್ಟಿಗೆ ನನ್ನಿಂದ ಐದು ರೂಪಾಯಿ ತೆಗೆದುಕೊಂಡರು, ಈಗ ಆರು ಮಾಡಿದ್ದಾರೆ. ಸಣ್ಣದಕ್ಕೆ ಕೈ ಹೆಚ್ಚು ಬೀಳುತ್ತದೆ ಎನ್ನುತ್ತಾರೆ, ನ್ಯಾಯವೇ. ಡಂಬಳದ ರೊಟ್ಟಿ ಜಾತ್ರೆ ಹತ್ತಿರ ಬಂದಾಗ ಕೇಳಲೇಬೇಡಿ, ಆ ದಿನಗಳಲ್ಲಿ ಆ ಓಣಿಯ ಕೈಗಳು ಬೇರೆ ಯಾರಿಗೂ ಸಿಗುವುದಿಲ್ಲ. ನಿಮ್ಮದೇ ಗಟ್ಟಿ ಡಬ್ಬಿ ಒಯ್ಯಿರಿ, ಅವರ ಕವರನ್ನು ನಂಬಬೇಡಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನೂ ಕೇಳಿ ನೋಡಿ. ನಾನು ಕೇಳದೆ ತಪ್ಪು ಮಾಡಿದೆ, ಜೋಳದ್ದಕ್ಕಿಂತ ಅದರಲ್ಲಿ ಎಣ್ಣೆಯ ಅಂಶ ಜಾಸ್ತಿ.

ಊರಿಗೆ ಬಂದ ಮೇಲೆ ಅಕ್ಕನ ಮಗಳೇ ಬೆಟಗೇರಿಗೆ ಹೋಗಿ ಬಂದಳು. ಮುಂದಿನ ಓಟಕ್ಕೆ ನಲವತ್ತು ರೊಟ್ಟಿಯ ಪುಡಿ, ಒಂದು ಕಿಲೋ ಚಟ್ನಿ ಹೇಳಿದ್ದಾಳೆ. ಚಟ್ನಿಗೆ ಬೆಳ್ಳುಳ್ಳಿ ಸ್ವಲ್ಪ ಕಡಿಮೆ ಹಾಕಿ ಎಂದು ಕೇಳಿದಳಂತೆ. ಅವ್ವ ಇನ್ನೂ ಒಪ್ಪಿಲ್ಲ.